ನಿಂತ ಹರಕೆ

ಬಸವಂತ್ರಾಯರಿಗೆ ಕುರು ಎದ್ದಿತ್ತು. ಕುರು ಏಳುವುದೇನೂ ದೊಡ್ಡ ಸಂಗತಿಯಲ್ಲ, ಆದರೆ ಎದ್ದ ಜಾಗ ನಾಲ್ಕು ಜನರ ಮುಂದೆ ಹೇಳುವಂಥದ್ದಲ್ಲ. ಹೆಂಡತಿ ಮೋನಮ್ಮನೊಬ್ಬಳಿಗೆ ಗೊತ್ತಿತ್ತು.

"ರಜಾ ಹಾಕ್ರಿ," ಎಂದಳು ಅವಳು.

"ಕಾರಣ ಏನಂತ ಬರೀಲಿ?" ಎಂದು ಸಿಡುಕಿ, ಕಾಲು ಅಗಲಿಸಿಕೊಂಡೇ ಶಹಾಪುರದ ಬಸ್ ಸ್ಟ್ಯಾಂಡಿಗೆ ನಡೆದರು.

ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಅವರಿಗೆ ಸುರಪುರದಿಂದ ಬರುವ ಆ ಮುಂಜಾನೆಯ ಬಸ್ಸು ಇನ್ನೊಂದು ಓಣಿಯೇ ಆಗಿತ್ತು. ಸಾಲಿಗೆ ಹೋಗುವ ಟೀಚರುಗಳು, ಕಡೇಚೂರಿನ ಫ್ಯಾಕ್ಟರಿಯ ಕೂಲಿಗಳು, ಉಳ್ಳಾಗಡ್ಡಿ ಮಾರುವ ಮಲ್ಲಾಬಾಯಿ, ಬಳೆಗಾರ್ತಿ ಅನ್ವರಬಿ, ಎಲ್ಲ ದಿನಾ ಅದೇ ಮುಖಗಳು. ಅನ್ವರಬಿಯಂತೂ ಅವರ ಓಣಿಯವಳೇ. ಬಸ್ಸು ಪುಕ್ಕಟೆಯಾಗಿ ಹೆಂಗಸರಿಗೆ ಟಿಕೆಟ್ಟು ಹೋದ ದಿನವೇ ಗಂಡಸರಿಗೆ ಸೀಟೂ ಹೋಗಿತ್ತು. ಹೇಗೂ ನಿಂತೇ ಹೋಗಬೇಕಲ್ಲ ಎಂಬ ಧೈರ್ಯದಿಂದ ಅವರು ಹತ್ತಿದರು.

ಹಣೆಬರಹ ನೋಡಿ, ಅವತ್ತೇ ಮೊದಲು ಹತ್ತಿದ್ದ ಅನ್ವರಬಿ ಅವರಿಗಾಗಿ ಸೀಟು ಹಿಡಿದಿಟ್ಟಿದ್ದಳು.

"ಕುಂದ್ರಪ್ಪ ಬಸವಂತ, ಮಾರಿ ಬಾಡ್ಯಾದ."

"ಇರ್ಲಿ ಬಿಡವ್ವ, ನಿಂದಿರ್ತೀನಿ."

"ಯಾಕ, ನನ್ನ ಬಾಜೂಕ ಕುಂದ್ರಾಕ ಬ್ಯಾಸರೇನು?"

"ಸಾಹೇಬ್ರಿಗಿ ಕಿಡಕಿ ಬೇಕಂತ ಕಾಣ್ತದ. ಇಲ್ಲಿ ಬರ್ರಿ," ಎಂದು ಹಿಂದಿನಿಂದ ಮಲ್ಲಾಬಾಯಿ ಕೂಗಿದಳು. ಅಷ್ಟರಲ್ಲಿ ಕಂಡಕ್ಟರ್ ಗುರಪ್ಪ, "ದಾರಿ ಬಿಡ್ರಿ, ಕುಂದರ್ರಿ," ಎಂದು ಅವರ ಹೆಗಲು ಹಿಡಿದು ಅದುಮಿಯೇಬಿಟ್ಟ. ಕುರು ಸೀಟಿನ ಅಂಚಿಗೆ ತಾಗಿ ಕಣ್ಣು ಕತ್ತಲಿಟ್ಟಿತು. ಚಂಗನೆ ಎದ್ದು ಬಾಯಿಗೆ ಬಂದದ್ದನ್ನು ಅಂದುಬಿಟ್ಟರು:

"ಹರಕಿ ಅದರಿ! ನಮ್ಮೂರ ಕಾಲುವಿಗಿ ನೀರು ಬರೋ ತನಕ ಕುಂದ್ರಂಗಿಲ್ಲ!"

ಇಡೀ ಬಸ್ಸು ಅವರತ್ತ ತಿರುಗಿತು. ಅವರ ಹುಟ್ಟೂರು ಕಾಲುವೆಯ ಕಟ್ಟಕಡೆಗಿತ್ತು. ಅದನ್ನು ತೋಡಿದ ಹುಡುಗರೆಲ್ಲ ಅಜ್ಜಂದಿರಾದರೂ ಅದರಲ್ಲಿ ಈವರೆಗೆ ಹರಿದದ್ದು ಆಡಿನ ಹಿಂಡು ಮಾತ್ರ.

"ಯಾವ ದೇವ್ರಿಗಿ ಹೊತ್ತೀರಿ?" ಎಂದು ಮಲ್ಲಾಬಾಯಿ ಕೈ ಮುಗಿದಳು.

"ದರ್ಗಾಕ್ಕ ಹೊತ್ತಿರಬೇಕು," ಎಂದಳು ಅನ್ವರಬಿ.

ಯಾರಿಗೂ ಬೇಸರವಾಗುವುದು ಬೇಡವೆಂದು "ಎರಡೂ ಕಡಿಗಿ" ಎಂದರು. ತಪ್ಪಿದ್ದೇ ಅಲ್ಲಿ. ಒಂದೇ ಕಡೆಗೆ ಹೊತ್ತಿದ್ದರೆ ಅರ್ಧ ಬಸ್ಸಾದರೂ ಅವರನ್ನು ಕಾಯುವ ಉಸಾಬರಿ ಬಿಡುತ್ತಿತ್ತು.

ಯಾದಗಿರಿ ಹತ್ತಿರವಾದಾಗ ಎಮ್ಮೆಯೊಂದು ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ಬಸವಂತ್ರಾಯರು ಹಾರಿ ಮಲ್ಲಾಬಾಯಿಯ ಉಳ್ಳಾಗಡ್ಡಿ ಚೀಲದ ಮೇಲೆ ಕುಕ್ಕರಿಸಿದರು. ಕುರು ಒಡೆಯಿತು. ಅಯ್ಯೋ ಎಂದ ಬಾಯಿ ಮರುಕ್ಷಣವೇ ಆಹಾ ಎಂದಿತು. ನೋವು ಮಂಗಮಾಯ! ಇಂಥ ಸುಖ ಅವರು ಮದುವೆಯ ಮಂಚದ ಮೇಲೂ ಕಂಡಿರಲಿಲ್ಲ.

"ಕುಂತ್ರು! ಹರಕಿ ಕೆಟ್ಟಿತು!" ಎಂದು ಬಸ್ಸು ಹುಯಿಲೆಬ್ಬಿಸಿತು.

"ಕುಂತಿಲ್ಲ, ಬಿದ್ದಾರ," ಎಂದು ಗುರಪ್ಪ ತೀರ್ಪು ಕೊಟ್ಟ. "ಲಗೂನ ಎತ್ರಿ!"

"ಕಾಲು ಸೋತಾವ್ರೋ, ಒಂದ್ ಘಳಿಗಿ ಕುಂದ್ರತೀನಿ..."

"ನಾವು ಹಿಡಕೋತೀವಿ, ನೀವು ನಿಂದರ್ರಿ," ಎಂದು ನಾಲ್ಕು ಜನ ಅವರನ್ನು ಎಬ್ಬಿಸಿ ನಿಲ್ಲಿಸಿದರು.

ಸುದ್ದಿ ಅವರಿಗಿಂತ ಮೊದಲೇ ಕಚೇರಿ ಸೇರಿತ್ತು. ಅವರ ಕುರ್ಚಿ ಸಾಹೇಬರ ಕೋಣೆಗೆ ಹೋಗಿತ್ತು. ಕಪಾಟಿನ ಮೇಲೆ ಫೈಲುಗಳು ಕೂತಿದ್ದವು, ಬಸವಂತ್ರಾಯರು ದಿನವಿಡೀ ಅವುಗಳ ಮುಂದೆ ನಿಂತು ಬರೆದರು. ಸಂಜೆಯ ಬಸ್ಸಿನಲ್ಲಿ ಸೀಟುಗಳು ಖಾಲಿ ಬಿದ್ದಿದ್ದವು. ಗುರಪ್ಪ ಮಾತ್ರ ಅಕ್ಕರೆಯಿಂದ ಮೇಲಿನ ಕಂಬಿಗೆ ಟವೆಲ್ ಕಟ್ಟಿ, "ಹಿಡಕೊಳ್ರಿ, ಕೈ ನೋಯಂಗಿಲ್ಲ," ಎಂದ. ಖಾಲಿ ಸೀಟು ನೋಡಿ ಅವರಿಗೆ ನಿಜಕ್ಕೂ ಅಳು ಬಂತು.

ಉಳಿದದ್ದೊಂದೇ ಆಸೆ, ಮನೆ. ಮೋನಮ್ಮನಿಗೆ ನಿಜ ಗೊತ್ತು. ಕದ ಹಾಕಿಕೊಂಡು ಕಾಲು ಚಾಚಿ ಕೂಡಬಹುದು, ಅವಳು ಬಡಿದ ಬಿಸಿ ರೊಟ್ಟಿ ತಿನ್ನಬಹುದು.

ಮನೆಯ ಮುಂದೆ ಇಡೀ ಓಣಿ ನೆರೆದಿತ್ತು. ನಡುವೆ ಮೋನಮ್ಮ, ಕೊರಳಲ್ಲಿ ಹೂವಿನ ಹಾರ. ಮಧ್ಯಾಹ್ನವೇ ಮರಳಿದ್ದ ಅನ್ವರಬಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದಳು.

"ನಿನ್ನ ಹೇಣ್ತಿ ಬಂಗಾರ ಅದಾಳಪ್ಪ! ನಿನ್ನ ಸುದ್ದಿ ಕೇಳಿದ್ದೇ ತಾನೂ ಹರಕಿ ಹೊತ್ತಾಳ. ನಿಮ್ಮೂರ ಕಾಲುವಿಗಿ ನೀರು ಬರೋ ತನಕ ಆಕಿ ಒಲಿ ಮುಂದ ಹೋಗಂಗಿಲ್ಲ!"

ಬಸವಂತ್ರಾಯರು ಹೆಂಡತಿಯ ಮುಖ ನೋಡಿದರು. ಮುಖದ ತುಂಬ ಭಕ್ತಿ, ತುಟಿಯ ತುದಿ ಮಾತ್ರ ಅದುರುತ್ತಿತ್ತು. ಅವಳ ಹರಕೆ ಸುಳ್ಳೆನ್ನಬೇಕಾದರೆ ತಮ್ಮದನ್ನೂ ಬಿಚ್ಚಬೇಕು.

"ಹಿಟ್ಟು ಡಬ್ಬ್ಯಾಗ ಅದರಿ," ಎಂದಳು ಮೋನಮ್ಮ ಮೆಲ್ಲಗೆ, ಕಟ್ಟೆಯ ಮೇಲೆ ಕಾಲು ಚಾಚಿ ಕೂರುತ್ತ. "ಹೆಂಗೂ ನಿಂತೇ ಇರ್ತೀರಲ್ಲ, ನಾಕು ರೊಟ್ಟಿ ಬಡೀರಿ."