ಮಾವನವರ ಪಾರಿವಾಳ

ಚರ್ಚಿನ ನಾಟಕಕ್ಕೆಂದು, ಜಲಪ್ರಳಯದಲ್ಲಿ ತೇಲಿದ ನೋಹನ ನಾವೆಯನ್ನು ಮಾಡಿಕೊಟ್ಟ ಬಡಗಿ ಅಷ್ಟಕ್ಕೇ ಸುಮ್ಮನಿರಬೇಕಿತ್ತು. "ನಾವೆ ಇದ್ರೆ ಸಾಕೇ? ಪಾರಿವಾಳ ಬೇಡವೇ?" ಎಂದು ಪಾದ್ರಿಗಳು ಕೇಳಿದ್ದೇ ತಡ, "ನಮ್ಮ ಮಾವನವರ ಹತ್ರ ಇದೆ, ಹಾಲಿನಂಥ ಬಿಳುಪು" ಎಂದು ಬಾಯಿಬಿಟ್ಟ. ಮಗಳನ್ನು ಕೊಡುವಾಗಲೂ ಹಾಕದ ಷರತ್ತನ್ನು ಹಾಕಿಯೇ ಮಾವ ಹಕ್ಕಿಯನ್ನು ಕೊಟ್ಟರು: "ಒಂದು ಗರಿ ಕೊಂಕಬಾರದು, ಅಳಿಯಂದ್ರೇ."

ನಾಟಕದಲ್ಲಿ ನೋಹ ನಾವೆಯ ಕಿಟಕಿ ತೆರೆದ. ಪಾರಿವಾಳ ಒಮ್ಮೆ ಸಭಿಕರನ್ನು ನೋಡಿತು, ಒಮ್ಮೆ ನೋಹನ ಅಂಟಿಸಿದ ಗಡ್ಡವನ್ನು ನೋಡಿತು. ಎರಡೂ ಹಿಡಿಸಲಿಲ್ಲವೇನೋ, ಚರ್ಚಿನ ಬಾಗಿಲಿನಿಂದ ಹೊರಗೆ ಹಾರಿಯೇ ಹೋಯಿತು.

ಬಡಗಿಯ ಜೀವ ಬಾಯಿಗೆ ಬಂತು. ಪಾದ್ರಿಗಳು ಮಾತ್ರ ಹಿಗ್ಗಿದರು. "ನೋಡಿ! ನೀರು ಇಳಿದಿದೆಯಾ ಅಂತ ನೋಡೋಕೆ ನೋಹ ಕೊನೇ ಸಲ ಬಿಟ್ಟ ಪಾರಿವಾಳ ವಾಪಸ್ ಬರಲೇ ಇಲ್ಲ. ಯಾಕೆ? ಭೂಮಿ ಒಣಗಿತ್ತು! ಹಕ್ಕಿ ಬರದೇ ಇರೋದೇ ಶುಭಸುದ್ದಿ!"

"ಇದನ್ನ ನಮ್ಮ ಮಾವನವರಿಗೆ ನೀವೇ ಹೇಳ್ತೀರಾ ಫಾದರ್?"

ಪಾದ್ರಿಗಳಿಗೆ ಥಟ್ಟನೆ ಬೇರೇನೋ ಕೆಲಸ ನೆನಪಾಯಿತು.

ಹುಡುಕಾಟಕ್ಕೆ ಪಕ್ಕದ ಮನೆಯ ದರ್ಜಿ ಕರೆಯದೆಯೇ ಜೊತೆಯಾದ. ಬಡಗಿ ಏಣಿ ಹತ್ತಿ ಸೂರುಗಳಲ್ಲಿ ಇಣುಕುತ್ತಿದ್ದರೆ ಇವನು ಕೆಳಗೆ ನಿಂತು ಹೇಳಿದ: "ಪಾರಿವಾಳ ಅಂದ್ರೆ ಪವಿತ್ರಾತ್ಮ ಕಣಯ್ಯಾ. ಯೇಸುವಿನ ದೀಕ್ಷಾಸ್ನಾನ ಮುಗಿದಾಗ ಆಕಾಶದಿಂದ ಇಳಿದು ಬಂದದ್ದು. ಅದನ್ನ ಏಣಿ ಹಾಕಿ ಹಿಡಿಯೋಕಾಗುತ್ತಾ?"

ಆ ಸಂಕಟದಲ್ಲೂ ಬಡಗಿಗೆ ಕುತೂಹಲ. "ಅಲ್ಲ, ಇಷ್ಟೊಂದು ಹಕ್ಕಿ ಇರುವಾಗ ಪಾರಿವಾಳವೇ ಯಾಕೆ? ಹದ್ದು ಬರಬಹುದಿತ್ತಲ್ಲ?"

"ಹದ್ದು ತಲೆ ಮೇಲೆ ಇಳಿದ್ರೆ ಯಾರಾದ್ರೂ ನಿಲ್ತಾರಾ? ಪಾರಿವಾಳ ಸಾಧು. ನಾವೂ ಹಾಗೇ ಇರಬೇಕಂತೆ. ಜೊತೆಗೆ ಹಾವಿನಷ್ಟು ಜಾಣರೂ ಆಗಿರಬೇಕಂತೆ." ದರ್ಜಿ ದನಿ ತಗ್ಗಿಸಿದ. "ನೀನು ಸಾಧುವಾಗಿದ್ದು ಸಾಕು. ಪೇಟೆಯಲ್ಲಿ ಇಂಥದ್ದೇ ಇನ್ನೊಂದು ತಗೋ. ಮಾವನಿಗೇನು ಗೊತ್ತಾಗುತ್ತೆ?"

ಸಂಜೆ ಬಡಗಿ ಹೊಸ ಪಾರಿವಾಳವನ್ನು ಎದೆಗವಚಿಕೊಂಡು ಮಾವನೆದುರು ನಿಂತ. "ತಗೊಳ್ಳಿ ಮಾವ, ಒಂದು ಗರಿ ಕೊಂಕಿಲ್ಲ."

ಮಾವ ಪಕ್ಕಕ್ಕೆ ಸರಿದರು. ಅವರ ಹಿಂದಿನ ಗೂಡಿನಲ್ಲಿ ಹಾಲಿನಂಥ ಹಕ್ಕಿ ನೆಮ್ಮದಿಯಾಗಿ ಕಾಳು ತಿನ್ನುತ್ತಿತ್ತು.

"ಅದು ಮಧ್ಯಾಹ್ನವೇ ಬಂತು. ಸಾಕಿದ ಹಕ್ಕಿಗೆ ಮನೆ ಗೊತ್ತಿಲ್ವಾ? ಇದು ಯಾರದ್ದು?"

ಅದೇ ಹೊತ್ತಿಗೆ ಪಾದ್ರಿಗಳು, ಮನಸ್ಸು ತಡೆಯದೆ, ಮಾವನಿಗೆ ಸಮಾಧಾನ ಹೇಳಲು ದರ್ಜಿಯನ್ನೂ ಚರ್ಚಿನ ಒಂದಷ್ಟು ಜನರನ್ನೂ ಕಟ್ಟಿಕೊಂಡು ಬಂದರು. ಅಷ್ಟು ಜನರ ಮುಂದೆ ಮಾನ ಉಳಿಸಿಕೊಳ್ಳಲು ಬಡಗಿ ಒದರಿದ: "ಒಂಟಿ ಹಕ್ಕಿಗೆ ಬೇಜಾರು ಅಂತ... ಜೋಡಿ ಮಾಡೋಣ ಅಂತ ತಂದೆ ಮಾವ!"

ಪಾದ್ರಿಗಳ ಕಣ್ಣರಳಿತು. "ಜೋಡಿ ಪಾರಿವಾಳ! ಹಿಂದೆ ಬಡವರು ದೇವಾಲಯಕ್ಕೆ ಈ ಕಾಣಿಕೆ ತರ್ತಿದ್ದದ್ದು ಯಾವಾಗ, ಹೇಳಿ ನೋಡೋಣ?"

"ಮಗು ಹುಟ್ಟಿದಾಗ!" ದರ್ಜಿ ಕೂಗಿದ. "ಯೇಸು ಹುಟ್ಟಿದಾಗಲೂ ಅದೇ ಕಾಣಿಕೆ! ಅಯ್ಯೋ ಕಳ್ಳಾ, ನನ್ನ ಹತ್ರಾನೂ ಮುಚ್ಚಿಟ್ಟೆಯಾ?"

ಅತ್ತೆ ಒಳಗಿಂದ ಓಡಿಬಂದು ಕಣ್ಣೊರೆಸಿಕೊಂಡರು. ಮದುವೆಯಾದಾಗಿನಿಂದ ಅಳಿಯನನ್ನು ಮುಟ್ಟದ ಮಾವ ಬಾಚಿ ತಬ್ಬಿಕೊಂಡರು. "ಅಯ್ಯೋ, ಹಾಗಲ್ಲ" ಎಂಬ ಬಡಗಿಯ ಮಾತು ಆ ಅಪ್ಪುಗೆಯಲ್ಲೇ ಉಸಿರುಗಟ್ಟಿತು.

ಅಷ್ಟರಲ್ಲಿ ಅಂಗಡಿಗೆ ಹೋಗಿದ್ದ ಬಡಗಿಯ ಹೆಂಡತಿ ಹಾಗೇ ತವರಿಗೆ ಬಂದಳು. ಅಪ್ಪ ಅಳಿಯನ ಬೆನ್ನು ತಟ್ಟುತ್ತ "ಮಗು, ಮಗು" ಎನ್ನುತ್ತಿದ್ದರು. ಜನರೆಲ್ಲ ನಗುನಗುತ್ತ ಗಂಡನ ಕೈ ಕುಲುಕುತ್ತಿದ್ದರು. ಅವಳು ಚೀಲವನ್ನು ನಿಧಾನವಾಗಿ ಕೆಳಗಿಟ್ಟಳು.

"ರೀ," ಎಂದಳು, "ಮಗು ಯಾರಿಗೆ?"