ಚಕ್ಕುಲಿಯ ಜೊತೆ ಕಡ್ಡಾಯ ನಿಪ್ಪಟ್ಟು

ದೊಡ್ಡ ದೊಡ್ಡ ಕಂಪನಿಗಳು ನನ್ನ ಹೆಸರು ಕೇಳಿದರೆ ನಡುಗುತ್ತವೆ ಎಂದು ನಾನು ಬಹಳ ಕಾಲದಿಂದ ನಂಬಿದ್ದೆ. ಮಾರುಕಟ್ಟೆಯನ್ನು ಒಂಟಿಯಾಗಿ ನುಂಗಿಕೊಂಡು ಕುಳಿತ ಫೋನ್ ಕಂಪನಿಗಳು, ಅವುಗಳ ಕಿವಿ ಹಿಂಡುವ ಸರ್ಕಾರಿ ಆಯೋಗ, ಅಲ್ಲಿಂದ ಕೋರ್ಟು, ಕೋರ್ಟಿನಿಂದ ಮತ್ತೆ ಆಯೋಗ. ಇದೇ ನನ್ನ ವರದಿಗಾರಿಕೆ. ಇಂಥ ಗಂಭೀರ ವಿಷಯ ಬರೆಯುವವನು ಇಡೀ ಪತ್ರಿಕೆಯಲ್ಲಿ ನಾನೊಬ್ಬನೇ. ಓದುವವನೂ ನಾನೊಬ್ಬನೇ ಎಂದು ಹೆಂಡತಿ ವೀಣಾ ಹೇಳುತ್ತಾಳೆ.

ಜಯನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಂತೂ ನನ್ನ ವೃತ್ತಿಗೆ ಬೇರೆಯದೇ ಅರ್ಥವಿತ್ತು. “ತಂತ್ರಜ್ಞಾನದ ನಿಯಂತ್ರಣ ನನ್ನ ವಿಷಯ” ಎಂದು ಮೂರನೇ ಮಹಡಿಯ ಶ್ರೀಪತಿ ಅಂಕಲ್‌ಗೆ ಒಮ್ಮೆ ಜಂಬದಿಂದ ಹೇಳಿದ್ದೆ. ಅಂದಿನಿಂದ ಅವರು ಫೋನ್ ಹಿಡಿದುಕೊಂಡು ಬರುತ್ತಲೇ ಇದ್ದಾರೆ. “ಬರೀ ಜಾಹೀರಾತು ತೋರಿಸ್ತಿದೆ ಕಣಪ್ಪಾ, ಸ್ವಲ್ಪ ನಿಯಂತ್ರಣ ಮಾಡ್ಕೊಡು!”

ಹೀಗಿರುವಾಗ ನಮ್ಮ ಸಂಪಾದಕಿ ಕರೆದರು. “ಪ್ರಕಾಶ್, ನಿಮ್ಮ ಲೇಖನ ನನಗೇ ಅರ್ಥ ಆಗಲ್ಲ. ಒಂದು ವಸ್ತು ಕೊಳ್ಳೋಕೆ ಬಂದವನ ತಲೆಗೆ ಇನ್ನೊಂದನ್ನ ಕಟ್ಟೋದು ತಪ್ಪು ಅಂತೀರಲ್ಲ, ಅದಕ್ಕೊಂದು ಮನೆಮಂದಿಯ ಉದಾಹರಣೆ ಕೊಡಿ.”

ಉದಾಹರಣೆ ನೆಲಮಹಡಿಯಲ್ಲೇ ಇತ್ತು!

ನೆಲಮಹಡಿಯ ಸರೋಜಮ್ಮ ಆಂಟಿ ಗೋಕುಲಾಷ್ಟಮಿಗೆ ಮಡಿಯಲ್ಲಿ ಚಕ್ಕುಲಿ ಮಾಡಿ ಕೊಡುತ್ತಾರೆ. ಬೀದಿಗೊಂದು ಕುರುಕಲು ತಿಂಡಿಯ ಅಂಗಡಿ ಇದ್ದರೂ ಮಡಿಯಿಲ್ಲದ ಅಂಗಡಿ ಚಕ್ಕುಲಿಯನ್ನು ಕೃಷ್ಣನ ನೈವೇದ್ಯಕ್ಕೆ ಇಡುವಂತಿಲ್ಲ. ಹೀಗಾಗಿ ಇಡೀ ಕಟ್ಟಡಕ್ಕೆ ಆಂಟಿಯೇ ಗತಿ. ಆದರೆ ಅವರದೊಂದು ಷರತ್ತು. ಚಕ್ಕುಲಿ ಬೇಕಾದರೆ ಜೊತೆಗೆ ನಿಪ್ಪಟ್ಟನ್ನೂ ಕೊಳ್ಳಬೇಕು. ಆ ನಿಪ್ಪಟ್ಟು ನನ್ನ ಹಲ್ಲಿಗೆ ಬಗ್ಗುವುದಿಲ್ಲ. ಪ್ರತಿ ವರ್ಷ ಅದನ್ನು ಮನೆಯಲ್ಲಿ ಯಾರೂ ಬಿಚ್ಚುವ ಮೊದಲೇ ಆಫೀಸಿಗೆ ಒಯ್ದು ಹಂಚಿಬಿಡುತ್ತಿದ್ದೆ.

ಬರೆದೇಬಿಟ್ಟೆ. ‘ಫೋನ್ ಬೇಕೆಂದವನಿಗೆ ಬೇಡದ ಆ್ಯಪ್ ಕಟ್ಟುವುದೂ ಚಕ್ಕುಲಿ ಬೇಕೆಂದವನಿಗೆ ಕಲ್ಲಿನಂಥ ನಿಪ್ಪಟ್ಟು ಕಟ್ಟುವುದೂ ಒಂದೇ. ಜಯನಗರದ ನೆಲಮಹಡಿಯೊಂದರಲ್ಲಿ ಇಂಥ ಏಕಸ್ವಾಮ್ಯ ನಿರಾತಂಕವಾಗಿ ನಡೆದಿದೆ.’ ಹೆಸರು ಹಾಕಲಿಲ್ಲ. ಪತ್ರಿಕಾಧರ್ಮ!

ಹಬ್ಬದ ಹಿಂದಿನ ದಿನ ಲೇಖನ ಬಂತು. ಲಿಫ್ಟಿನಲ್ಲಿ ಶ್ರೀಪತಿ ಅಂಕಲ್ ಬೆನ್ನು ತಟ್ಟಿದರು. “ಓದಿದೆ ಕಣಪ್ಪಾ! ಮೊದಲ್ನೇ ಸಲ ಪೂರ್ತಿ ಓದಿದೆ!” ಗೇಟಿನ ಬಳಿ ಇಬ್ಬರು ನಕ್ಕು ಕೈ ಕುಲುಕಿದರು. ಕೊನೆಗೂ ಓದುಗರು ಸಿಕ್ಕಿದ್ದಾರೆಂದು ಎದೆಯುಬ್ಬಿಸಿ ನಡೆದೆ. ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಸರೋಜಮ್ಮ ಆಂಟಿಯ ಸಂದೇಶ ಬಂತು.

‘ಈ ವರ್ಷ ಚಕ್ಕುಲಿ ಕೊಡುವುದಿಲ್ಲ. ಕಾರಣ ಪತ್ರಿಕೆಯಲ್ಲಿದೆ.’

ಬೆನ್ನು ತಟ್ಟಿದ ಕೈಗಳೆಲ್ಲ ಈಗ ಬೆರಳು ತೋರಿಸತೊಡಗಿದವು. “ನ್ಯಾಯ ಕೊಡಿಸಿದೆ, ಸರಿ. ಚಕ್ಲಿ ಯಾರು ಕೊಡಿಸ್ತಾರೆ?” ಎಂದರು ಶ್ರೀಪತಿ ಅಂಕಲ್.

ಮನೆಯಲ್ಲಿ ವೀಣಾ ಕೂಗಾಡಲಿಲ್ಲ. ಅದೇ ಭಯವಾಯಿತು. “ರೀ, ನಾಳೆ ಹನುಮಂತನಗರದಿಂದ ಅಮ್ಮ ಬರ್ತಾರೆ. ಮದುವೆಯಾಗಿ ಬಂದ ಮೇಲೆ ಒಂದು ವರ್ಷಾನೂ ಚಕ್ಲಿ ಇಲ್ಲದೆ ಕೃಷ್ಣನ್ನ ಕೂರಿಸಿಲ್ಲ ನಾನು” ಎಂದಳು. ಕಣ್ಣಲ್ಲಿ ನೀರಿತ್ತು.

“ಚಿಂತೆ ಬೇಡ. ಇಂಥ ಸಂದರ್ಭದಲ್ಲಿ ಮಾರುಕಟ್ಟೆಗೆ ಹೊಸ ಸ್ಪರ್ಧಿ ಬರ್ಬೇಕು.”

“ಯಾರು?”

“ನಾನೇ!”

ವೀಣಾ ಹಣೆ ಚಚ್ಚಿಕೊಂಡಳು. “ಮಾಡಿ. ನಾನಂತೂ ಆ ಕಡೆ ತಲೆ ಹಾಕಲ್ಲ.”

ಸ್ನಾನ ಮಾಡಿ, ಮಡಿಪಂಚೆ ಉಟ್ಟು ಅಡುಗೆಮನೆ ಹೊಕ್ಕೆ. ಚಕ್ಕುಲಿ ಮಾಡುವ ವಿಡಿಯೊ ನೋಡಬೇಕು, ಆದರೆ ಮಡಿಯಲ್ಲಿ ಫೋನ್ ಮುಟ್ಟುವಂತಿಲ್ಲ. ಶ್ರೀಪತಿ ಅಂಕಲ್ ದೊಡ್ಡ ಮನಸ್ಸು ಮಾಡಿ ತಮ್ಮ ಫೋನ್ ಹಿಡಿದು ಬಾಗಿಲಲ್ಲಿ ನಿಂತರು. ವಿಡಿಯೊದ ಹೆಂಗಸು ಹಿಟ್ಟು ಜರಡಿ ಹಿಡಿದಳು, ಎಳ್ಳು ಹಾಕಿದಳು, ಓಮ ಹಾಕಿದಳು. “ಈಗ ಬಹಳ ಮುಖ್ಯ, ಬೆಣ್ಣೆ ಎಷ್ಟು ಹಾಕಬೇಕು ಅಂದ್ರೆ…” ಎನ್ನುವಾಗ ಜಾಹೀರಾತು ಬಂತು! ಒಂದು ಮುಗಿದರೆ ಇನ್ನೊಂದು. “ನೋಡು, ಅವತ್ತೇ ನಿಯಂತ್ರಣ ಮಾಡ್ಕೊಡು ಅಂದೆ” ಎಂದರು ಅಂಕಲ್. ಇಷ್ಟು ವರ್ಷ ಬೈದು ಬರೆದ ಕಂಪನಿಗಳೆಲ್ಲ ಒಟ್ಟಾಗಿ ಸೇಡು ತೀರಿಸಿಕೊಂಡವೆಂದೇ ನನ್ನ ಭಾವನೆ.

ಒಲೆಯ ಮೇಲೆ ಎಣ್ಣೆ ಹೊಗೆಯಾಡುತ್ತಿತ್ತು. ಕಾಯುವ ಪುರುಸೊತ್ತಿಲ್ಲ. ಬಟ್ಟಲಲ್ಲಿದ್ದ ಬೆಣ್ಣೆಯನ್ನೆಲ್ಲ ಸುರಿದು ಕಲಸಿ ಚಕ್ಕುಲಿ ಒರಳಿನಲ್ಲಿ ಒತ್ತಿದೆ. ಎಣ್ಣೆಗೆ ಬಿಟ್ಟ ಚಕ್ಕುಲಿ ಸುತ್ತು ಬಿಚ್ಚಿಕೊಂಡು, ತುಂಡಾಗಿ, ಪುಡಿಯಾಗಿ, ಕೊನೆಗೆ ಬರೀ ನೊರೆಯಾಯಿತು. ಬಾಣಲೆಯಲ್ಲಿ ಎಳ್ಳು ಮಾತ್ರ ಉಳಿಯಿತು. “ಹೊಸ ಸ್ಪರ್ಧಿ ಕರಗಿಹೋದ” ಎಂದು ಅಂಕಲ್ ಹೊರಟರು.

ಬೇರೆ ದಾರಿ ಇರಲಿಲ್ಲ. ಅದೇ ಪಂಚೆಯಲ್ಲಿ ನೆಲಮಹಡಿಗೆ ಇಳಿದೆ. ಬಾಗಿಲು ತೆರೆದ ಸರೋಜಮ್ಮ ಆಂಟಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಬಾಪ್ಪಾ, ದೊಡ್ಡ ಮನುಷ್ಯ. ನಿಪ್ಪಟ್ಟು ಗಟ್ಟಿ ಅಂತ ನನ್ನ ಮುಖ ನೋಡಿ ಒಂದು ದಿನ ಹೇಳಿದ್ಯೇನೋ? ಸೀದಾ ಪೇಪರಿಗೇ ಹೋಗ್ಬಿಡೋದಾ?”

ಅವರ ದನಿ ಸ್ವಲ್ಪ ನಡುಗಿತು. ಕಾನೂನಿನ ಯಾವ ಕಲಮೂ ನನಗೆ ನೆನಪಾಗಲಿಲ್ಲ. ನಿಜವಾಗಿಯೂ ನಾಚಿಕೆಯಾಯಿತು.

“ತಪ್ಪಾಯ್ತು ಆಂಟಿ. ನಿಮ್ಮ ಹತ್ರ ಹೇಳ್ಬೇಕಿತ್ತು. ನನಗೆ ಬೇಡ, ವೀಣಾಗೋಸ್ಕರ ಕೊಡಿ.”

“ಪಂಚೆ ತುಂಬ ಹಿಟ್ಟು ಮೆತ್ಕೊಂಡಿದ್ದೀಯಲ್ಲೋ” ಎಂದು ಆಂಟಿ ಫಕ್ಕನೆ ನಕ್ಕರು. “ಚಕ್ಲಿ ಎಲ್ಲಾ ಮಾಡಿಟ್ಟಿದ್ದೀನಿ. ನಿನ್ನ ಮೇಲಿನ ಕೋಪಕ್ಕೆ ಕೃಷ್ಣನ್ನ ಉಪವಾಸ ಕೆಡವ್ತೀನಾ? ತಗೊಂಡ್ಹೋಗು. ನಿಪ್ಪಟ್ಟೂ ತಗೋಬೇಕು. ಈ ಸಲ ಕೋಡುಬಳೆನೂ ತಗೋಬೇಕು!”

ಷರತ್ತು ಎರಡಾಯಿತು. ತಲೆ ತಗ್ಗಿಸಿ ಮೂರೂ ಪೊಟ್ಟಣ ಹೊತ್ತು ತಂದೆ. ಇಡೀ ಕಟ್ಟಡಕ್ಕೂ ಚಕ್ಕುಲಿ ಸಿಕ್ಕಿತು. ಎಲ್ಲರಿಗೂ ಕೋಡುಬಳೆ ಕಡ್ಡಾಯವಾಯಿತು. ಅದಕ್ಕೂ ನನ್ನನ್ನೇ ಬೈದರು.

ಮರುದಿನ ಪೂಜೆ ಮುಗಿಯಿತು. ವೀಣಾ ಮೂರು ಬಗೆಯನ್ನೂ ತಟ್ಟೆಗಿಟ್ಟು ಅಮ್ಮನ ಮುಂದೆ ಹಿಡಿದಳು. ಅತ್ತೆ ನಿಪ್ಪಟ್ಟಿಗೇ ಕೈ ಹಾಕಿದರು. ನಾನು ಕಣ್ಣು ಮುಚ್ಚಿಕೊಂಡೆ. ಕಟಕ್ ಎಂದಿತು.

“ಆಹಾ! ಎಂಥಾ ಗರಿಗರಿ! ಅಳಿಯಂದ್ರೇ, ಇಷ್ಟು ವರ್ಷ ಇದನ್ನ ಯಾಕೆ ತರ್ಲಿಲ್ಲ ನೀವು? ಚಕ್ಲಿ ಬೇಡ, ಕೋಡುಬಳೆ ಬೇಡ, ಮನೆಗೆ ತಗೊಂಡು ಹೋಗೋಕೆ ನನಗೆ ನಿಪ್ಪಟ್ಟು ಮಾತ್ರ ತಂದ್ಕೊಡಿ.”

ವೀಣಾ ಚೀಲ ತಂದು ನನ್ನ ಕೈಗಿತ್ತಳು. ಮತ್ತೆ ಇಳಿದೆ.

“ಆಂಟಿ, ಅತ್ತೆಗೆ ನಿಪ್ಪಟ್ಟು ಮಾತ್ರ ಸಾಕಂತೆ.”

“ನಿಪ್ಪಟ್ಟು ಒಂದನ್ನೇ ಕೊಡಲ್ಲ ಕಣೋ. ಚಕ್ಲಿ ಜೊತೆಗೇ.”

ಚೀಲದ ಬಾಯಿ ಅಗಲಿಸಿ ಹಿಡಿದೆ.

“ಕೋಡುಬಳೆನೂ ಹಾಕ್ಬಿಡಿ ಆಂಟಿ” ಎಂದೆ.