ಸುಖಾಗಮನ ಬಯಸುವವರು

ನಮ್ಮ ಮನೆತನದಲ್ಲಿ ನಗೆಪಾಟಲಿನ ಪ್ರಸಂಗಗಳಿಗೆ ಬರವಿಲ್ಲ, ಆದರೆ ಅವೆಲ್ಲ ನಡೆಯುವುದು ಅಳಬೇಕಾದ ಹೊತ್ತಿನಲ್ಲೇ. ಅಪ್ಪನ ವೈಕುಂಠ ಸಮಾರಾಧನೆಯ ಕಾರ್ಡಿನ ಕೆಳಗೆ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚಾಗಿತ್ತು. ಅಚ್ಚು ಹಾಕಿದವನು ನಾನೇ. ಭದ್ರಾವತಿಯ ಓಲ್ಡ್‌ಟೌನಿನಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಊರಿನ ಮದುವೆ, ಮುಂಜಿ, ತಿಥಿಗಳೆಲ್ಲ ನನ್ನ ಕೈಮೇಲೆ ಹಾದುಹೋಗಿವೆ.

ಮುಂದಿನ ಪ್ರಸಂಗಗಳು ಅಕ್ಕನನ್ನು ನೋಡಲು ಹೊರಟಾಗಿನವು. ಅಕ್ಕ ಇರುವುದು ಕೀನ್ಯಾದಲ್ಲಿ. ಪುರೋಹಿತರ ಮಗಳಾದ ಅವಳು ಸೇತುವೆ ದಾಟಿ, ನ್ಯೂಟೌನಿನಲ್ಲಿ ಉಕ್ಕಿನ ಕುಲುಮೆಯ ಮುಂದೆ ಕೆಲಸ ಮಾಡುತ್ತಿದ್ದ ತಮಿಳಿನವನನ್ನು ಮದುವೆಯಾದಳು. ಮುಂದೆ ಅವನಿಗೆ ಕೀನ್ಯಾದ ಒಂದು ಉಕ್ಕಿನ ಗಿರಣಿಯಲ್ಲಿ ಕೆಲಸ ಸಿಕ್ಕಿ ಇಬ್ಬರೂ ಹೊರಟುಹೋದರು. ಈಗ ಅವಳ ಎರಡು ಕಿಡ್ನಿಗಳೂ ಕೈಕೊಟ್ಟಿವೆ. ಪ್ರಯಾಣ ಮಾಡುವಂತಿಲ್ಲ. ಅವಳಿರುವಾಗಲೇ ನೋಡಬೇಕೆಂದರೆ ನಾನೇ ಹೋಗಬೇಕು. ಬರೀ ನೋಡುವುದಲ್ಲ, ತಪ್ಪಾಯಿತು ಎಂದು ಹೇಳುವುದಿತ್ತು. ಅದನ್ನು ಫೋನಿನಲ್ಲಿ ಹೇಳುವ ಧೈರ್ಯ ಇಷ್ಟು ವರ್ಷ ನನಗೆ ಬಂದಿರಲಿಲ್ಲ.

ವೀಸಾ ಬೇಡ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿರುವ ಒಬ್ಬ ಹೆಂಗಸಿದ್ದಾರೆ. ಅವರ ಮುಂದೆ ಪಾಸ್‌ಪೋರ್ಟ್ ಇಟ್ಟೆ.

“ಕೀನ್ಯಾಕ್ಕಾ? ವೀಸಾನೇ ಬೇಡ ಸಾರ್. ತೆಗೆದುಹಾಕಿದ್ದಾರೆ.”

“ಹಾಗಾದ್ರೆ ನಾಳೆನೇ ಹೊರಡ್ತೀನಿ.”

“ಹಾಗೆ ಹೊರಡೋಕಾಗಲ್ಲ. ಮೊದಲೇ ಅರ್ಜಿ ಹಾಕಿ ಅನುಮತಿ ತಗೋಬೇಕು.”

“ಮತ್ತೆ ವೀಸಾಕ್ಕೂ ಇದಕ್ಕೂ ಏನ್ರೀ ವ್ಯತ್ಯಾಸ?”

“ಆಗ ಅವರು ಒಪ್ಪದಿದ್ರೆ ವೀಸಾ ಸಿಗ್ತಿರಲಿಲ್ಲ. ಈಗ ಒಪ್ಪದಿದ್ರೆ, ವೀಸಾ ಬೇಡವೇ ಬೇಡ, ಆದ್ರೆ ಹೋಗಂಗಿಲ್ಲ.”

ನನಗೆ ತಕ್ಷಣ ಅರ್ಥವಾಯಿತು. ನಮ್ಮಪ್ಪನೂ ಅಕ್ಕನಿಗೆ ಬರಬೇಡ ಎಂದು ಒಂದು ದಿನವೂ ಹೇಳಿದವರಲ್ಲ. ಬಾಗಿಲು ತೆರೆದೇ ಇರುತ್ತದೆ, ನನ್ನನ್ನು ಒಂದು ಮಾತು ಕೇಳಿ ಬರಲಿ ಎನ್ನುತ್ತಿದ್ದರು. ಅವಳು ಕೇಳಿ ಕಳಿಸಿದಾಗಲೆಲ್ಲ ಬೇಡ ಎಂದರು. ಕೀನ್ಯಾದವರಿಗೆ ಈಗ ಹೊಳೆದಿರುವುದು ನಮ್ಮಪ್ಪನಿಗೆ ಆವತ್ತೇ ಹೊಳೆದಿತ್ತು.

ಮುಖ

ಅರ್ಜಿಗೆ ಫೋಟೊ ಬೇಕಿತ್ತು. ಆ ಹೆಂಗಸು ಫೋನ್ ಹಿಡಿದು, “ನಗಬೇಡಿ ಸಾರ್” ಎಂದರು.

ಅರವತ್ತೆರಡು ವರ್ಷದಲ್ಲಿ ನನಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ಖುಷಿಯಾಗಿ ಚೂರು ನಕ್ಕುಬಿಟ್ಟೆ. ಆ ಫೋಟೊ ಹಾಳಾಯಿತು. ಎರಡನೆಯ ಸಲ ಮುಖ ಗಂಟು ಹಾಕಿ ಕೂತೆ.

“ಅಳಲೂಬಾರದು ಸಾರ್.”

“ನಾನು ಅಳ್ತಾ ಇಲ್ರೀ. ನನ್ನ ಮುಖ ಇರೋದೇ ಹೀಗೆ.”

ನಾಲ್ಕನೆಯದು ಸರಿಹೋಯಿತು. ಮನೆಗೆ ಬಂದು ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, “ನಮ್ಮ ಮದುವೆ ಫೋಟೋದಲ್ಲೂ ಇದೇ ಮುಖ” ಎಂದಳು.

ಕಾಲಂ ಇಲ್ಲದ ಪ್ರಶ್ನೆ

ಮರುದಿನ ಪ್ರಶ್ನೆಗಳ ಸರದಿ. ಅಂಗಡಿಯವರು ಓದುತ್ತಾ ಹೋದರು, ನಾನು ಇಲ್ಲ ಇಲ್ಲ ಎನ್ನುತ್ತಾ ಹೋದೆ. ಜೈಲಿಗೆ ಹೋಗಿದ್ದೀರಾ? ಇಲ್ಲ. ಈ ಹಿಂದೆ ನಿಮ್ಮನ್ನು ಒಳಗೆ ಬಿಡದೆ ವಾಪಸ್ ಕಳಿಸಿದ್ದಾರಾ?

“ಇಲ್ಲ. ವಾಪಸ್ ಕಳಿಸಿದೋರಿಗೆ ಏನೂ ಕಾಲಂ ಇಲ್ವಾ?” ಎಂದು ಕೇಳಿದೆ.

“ನೀವು ಯಾರನ್ನ ಕಳಿಸಿದ್ರಿ?”

ಹೇಳಿದೆ. ನನ್ನ ಮದುವೆಯ ಪತ್ರಿಕೆಗೆ ಅಚ್ಚಿನ ಮೊಳೆ ಜೋಡಿಸಿದವನು ನಾನೇ. ‘ಸುಖಾಗಮನ ಬಯಸುವವರು’ ಎಂಬಲ್ಲಿ ಮೊದಲು ಅಕ್ಕನ ಹೆಸರು ಹಾಕಿದ್ದೆ. ಪ್ರೂಫ್ ನೋಡಿದ ಅಪ್ಪ ಅದರ ಮೇಲೆ ಗೀಟು ಎಳೆದರು. ನಾನು ಮೊಳೆಗಳನ್ನು ಒಂದೊಂದಾಗಿ ಕಿತ್ತು, ಜಾಗ ಖಾಲಿ ಕಾಣಬಾರದೆಂದು ಕೆಳಗಿನ ಹೆಸರನ್ನು ಮೇಲೆ ಸರಿಸಿದೆ. ಅದು ಅತ್ತೆಯ ಮೈದುನನ ಹೆಸರು. ಆ ಮಹಾನುಭಾವ ಮದುವೆಗೆ ಬರಲೇ ಇಲ್ಲ.

ಅಕ್ಕ ಬಂದಳು. ಆಗಿನ್ನೂ ಅವರು ನ್ಯೂಟೌನಿನಲ್ಲಿದ್ದರು. ಬೆಳ್ಳಿಯ ಕುಂಕುಮದ ಬಟ್ಟಲು ಹಿಡಿದು ಛತ್ರದ ಬಾಗಿಲಿಗೆ ಬಂದವಳ ಕೈಗೆ ಯಾರೋ ಪತ್ರಿಕೆ ಕೊಟ್ಟರು. ನಿಂತಲ್ಲೇ ಮೇಲಿಂದ ಕೆಳಗೆ ಓದಿದಳು. ಮಡಚಿ ಬಟ್ಟಲೊಳಗೆ ಇಟ್ಟುಕೊಂಡು ಹಿಂದಿರುಗಿದಳು. ನಾನು ಬಾಸಿಂಗ ಕಟ್ಟಿಕೊಂಡು ಕಿಟಕಿಯಿಂದ ನೋಡುತ್ತಾ ನಿಂತಿದ್ದೆ. ಕೂಗಿ ಕರೆಯಬಹುದಿತ್ತು, ಕರೆಯಲಿಲ್ಲ. ಅಪ್ಪ ಹೋದಮೇಲೆ ಅವಳೇ ಫೋನ್ ಮಾಡಲು ಶುರುಮಾಡಿದಳು. ಪತ್ರಿಕೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಂಗಡಿಯ ಹೆಂಗಸು ಕೀಬೋರ್ಡಿನಿಂದ ಕೈ ತೆಗೆದು ಎಲ್ಲ ಕೇಳಿಸಿಕೊಂಡರು. ಆಮೇಲೆ, “ಇಲ್ಲ ಅಂತಲೇ ಹಾಕ್ತೀನಿ ಸಾರ್, ಇದನ್ನೆಲ್ಲ ಬರೆಯೋಕೆ ಜಾಗ ಇಲ್ಲ” ಎಂದರು.

ಕರೆಯೋಲೆ

ಕೊನೆಗೆ ಒಂದು ಕಾಗದ ಬಾಕಿ ಉಳಿಯಿತು. ಬಂಧುಗಳ ಮನೆಯಲ್ಲಿ ಇಳಿಯುವುದಾದರೆ ಆ ಮನೆಯವರ ಆಹ್ವಾನಪತ್ರ ಬೇಕು. ಊರಿಗೆಲ್ಲ ಆಹ್ವಾನಪತ್ರಿಕೆ ಅಚ್ಚು ಹಾಕಿದ ನಾನು ಒಂದು ಆಹ್ವಾನಕ್ಕಾಗಿ ಕೈಚಾಚಬೇಕಾಯಿತು, ಅದೂ ಅಕ್ಕನ ಮುಂದೆ. ಎರಡು ದಿನ ಫೋನ್ ಹಿಡಿದು ಇಟ್ಟು ಮಾಡಿದೆ. ಮೂರನೆಯ ದಿನ ಕೇಳಿದೆ.

“ಅದಕ್ಕೇನು, ಕಳಿಸ್ತೀನಿ” ಎಂದಳು.

ಬಂತು. ಭಾಷೆ ಇಂಗ್ಲಿಷ್, ಧಾಟಿ ಮಾತ್ರ ನಮ್ಮ ಲಗ್ನಪತ್ರಿಕೆಯದೇ. ಮೇಲೆ ಕುಲದೇವರ ಕೃಪೆ, ನಡುವೆ ನನ್ನ ಹೆಸರು, ಕೆಳಗೆ ಸುಖಾಗಮನ ಬಯಸುವವರು. ಭಾವ, ಇಬ್ಬರು ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಗೇಟು ಕಾಯುವವನು, ಕೊನೆಗೆ ನಾಯಿ. ನಾನೂ ಅಂಗಡಿಯವರೂ ಸಾಕಷ್ಟು ನಕ್ಕು ಅರ್ಜಿಗೆ ಸೇರಿಸಿದೆವು.

ಎರಡು ದಿನಕ್ಕೆ ಅರ್ಜಿ ವಾಪಸ್ ಬಂತು. ಅರ್ಜಿಯಲ್ಲಿ ಯಾರ ಮನೆಗೆ ಹೋಗುವುದಾಗಿ ಬರೆದಿದ್ದೀರೋ ಅವರ ಹೆಸರು ಪತ್ರದಲ್ಲಿಲ್ಲ ಎಂದಿತ್ತು. ಮತ್ತೆ ತೆಗೆದು ನೋಡಿದೆ. ನಾಯಿಯ ಹೆಸರಿದೆ, ಅಕ್ಕನ ಹೆಸರಿಲ್ಲ. ನಲವತ್ತು ವರ್ಷ ಪ್ರೂಫ್ ನೋಡಿದ ಕಣ್ಣಿಗೆ ಅದು ಕಾಣಿಸಿಯೇ ಇರಲಿಲ್ಲ. ಅವಳ ಹೆಸರು ಇಲ್ಲದಿರುವುದು ನನಗೆ ಅಷ್ಟು ರೂಢಿಯಾಗಿತ್ತು.

ಫೋನ್ ಮಾಡಿದೆ. “ಅಕ್ಕಾ, ನಿನ್ನ ಹೆಸರೇ ಬಿಟ್ಟುಹೋಗಿದೆ.”

“ನಮ್ಮನೆ ಪತ್ರಿಕೇಲಿ ನನ್ನ ಹೆಸರು ಹಾಕೋ ಪದ್ಧತಿ ಇಲ್ವಲ್ಲ ಮಾರಾಯ. ಅದಕ್ಕೇ ಹಾಕಲಿಲ್ಲ.”

ಕೀನ್ಯಾಕ್ಕೆ ಹೋಗಿ ಹೇಳಬೇಕೆಂದಿದ್ದ ಮಾತನ್ನು ಅಲ್ಲೇ ಹೇಳಿದೆ. ನಿನ್ನ ಹೆಸರಿನ ಮೊಳೆ ಕಿತ್ತವನು ನಾನೇ, ತಪ್ಪಾಯಿತು ಅಂದೆ. ಅವಳ ಹಿಂದೆ ಡಯಾಲಿಸಿಸ್ ಯಂತ್ರದ ಸದ್ದು ಕೇಳುತ್ತಿತ್ತು.

“ಕಿತ್ತೋನು ನೀನೇ ಅಲ್ವಾ, ನೀನೇ ಜೋಡಿಸು. ನಾನು ಸಹಿ ಹಾಕ್ತೀನಿ” ಎಂದಳು.

ಪ್ರೆಸ್ಸಿಗೆ ಹೋಗಿ ಅವಳ ಹೆಸರನ್ನು ಎಲ್ಲರಿಗಿಂತ ಮೇಲೆ, ಎಲ್ಲರಿಗಿಂತ ದಪ್ಪಕ್ಷರದಲ್ಲಿ ಕೂರಿಸಿ, ಒಳ್ಳೆಯ ಅರಿಶಿನ ಬಣ್ಣದ ಕಾರ್ಡಿನ ಮೇಲೆ ಅಚ್ಚು ಹಾಕಿದೆ. ಅದರ ಚಿತ್ರ ಕಳಿಸಿದೆ, ಸಹಿಯಾಗಿ ಬಂತು. ನಾಲ್ಕನೆಯ ದಿನ ಅನುಮತಿಯೂ ಬಂತು. ಹೇಳಲು ಫೋನ್ ಮಾಡಿದಾಗ ಬಾಯಿತಪ್ಪಿ ಇನ್ನೊಂದು ವಿಷಯವನ್ನೂ ಹೇಳಿಬಿಟ್ಟೆ.

“ನಮ್ಮ ಮೆಷಿನ್ನಿನಲ್ಲಿ ನೂರಕ್ಕಿಂತ ಕಡಿಮೆ ಹಾಕೋ ಅಭ್ಯಾಸ ಇಲ್ಲ ಅಕ್ಕ. ತೊಂಬತ್ತೊಂಬತ್ತು ಉಳಿದಿದೆ.”

“ಹಂಚು. ನಿನ್ನ ಮದುವೆ ಪತ್ರಿಕೆ ಯಾರ್ಯಾರಿಗೆ ಕೊಟ್ಟಿದ್ರೋ ಅವರಿಗೆಲ್ಲ ಕೊಡು.”

“ಅವರಲ್ಲಿ ಅರ್ಧ ಜನ ಹೋಗಿಬಿಟ್ಟಿದ್ದಾರೆ.”

“ಉಳಿದ ಅರ್ಧಕ್ಕೆ ನೀನು ಕೊಟ್ಟು ಬಾ. ಹೋದೋರಿಗೆ ನಾನೇ ಹೋಗಿ ಕೊಡ್ತೀನಿ, ಬರೋವಾಗ ಒಂದು ಕಟ್ಟು ತಗೊಂಡು ಬಾ.”